ಭತ್ತದ ತೂಕ ಬರೆದು ಅಕ್ಕಿ ಮಾರಿದಂತೆ

ಹೈದರಾಬಾದಿನ ಇಮ್ಲಿಬನ್ ಬಸ್ ನಿಲ್ದಾಣದಲ್ಲಿ ಕಳೆದ ತಿಂಗಳು ಒಂದು ದಿನ ಬೆಳಗಿನ ಜಾವ ಐದೂವರೆಯಿಂದ ಎಂಟು ಗಂಟೆಯವರೆಗೆ ನಿಂತಿದ್ದೆ. ಗಂಗಾವತಿಯಿಂದ ರಾತ್ರಿ ಬಸ್ಸಿಗೆ ಹೊರಟ ಅಪ್ಪ ಬರಬೇಕಿತ್ತು. ಬಸ್ಸೂ ಇಲ್ಲ, ಅಪ್ಪನೂ ಇಲ್ಲ. ಫೋನ್ ಮಾಡಿದಾಗಲೆಲ್ಲ ಸ್ವಿಚ್ ಆಫ್ ಆಗಿದೆ ಎಂಬ ಅದೇ ದನಿ. ಅಪ್ಪನಿಗೆ ಎಪ್ಪತ್ತೆರಡು ವರ್ಷ. ಕಣ್ಣಿನ ಪೊರೆ ತೋರಿಸಲೆಂದೇ ಬರುತ್ತಿದ್ದರು. ತೆಲುಗು ಬರುವುದಿಲ್ಲ, ಹಿಂದಿ ಅಷ್ಟಕ್ಕಷ್ಟೆ. ಊರಿನಲ್ಲಿದ್ದ ತಮ್ಮನಿಗೆ ಹೇಳಿದರೆ ಅವ್ವನಿಗೆ ಗೊತ್ತಾಗುತ್ತದೆ, ಹೇಳದಿದ್ದರೆ ನನ್ನ ಎದೆ ಹೊಡೆದುಕೊಳ್ಳುವುದು ನಿಲ್ಲುವುದಿಲ್ಲ. ಪರವೂರಿನಲ್ಲಿ ದುಡಿಯುವ ಮಕ್ಕಳಿಗೆ ಆ ಎರಡೂವರೆ ಗಂಟೆ ಏನೆಂದು ವಿವರಿಸಬೇಕಾಗಿಲ್ಲ.

ಎಂಟು ಗಂಟೆಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಆರಾಂಘರ್ ಚೌಕದ ಒಂದು ಚಹಾ ಅಂಗಡಿಯಿಂದ ಅಪ್ಪ ಮಾತಾಡುತ್ತಿದ್ದರು. ರಾಯಚೂರು ದಾಟಿದ ಮೇಲೆ ಬಸ್ಸು ಕೆಟ್ಟು ನಿಂತಿತ್ತಂತೆ. ಒಂದೂವರೆ ತಾಸು ರಿಪೇರಿ ಮಾಡಿ, ಆಗದೆ, ಹಿಂದೆ ಬಂದ ಇನ್ನೊಂದು ಬಸ್ಸಿಗೆ ಎಲ್ಲರನ್ನೂ ಹತ್ತಿಸಿದರಂತೆ. ಆ ಬಸ್ಸು ನಿಲ್ದಾಣದ ಒಳಗೆ ಹೋಗುವುದಿಲ್ಲವೆಂದು ಆರಾಂಘರ್‌ನಲ್ಲೇ ಇಳಿಸಿದೆ. ಫೋನ್ ಸತ್ತಿತ್ತು. ಚಹಾ ಅಂಗಡಿಯವನು ಪುಣ್ಯಾತ್ಮ, ತನ್ನ ಫೋನ್ ಕೊಟ್ಟ. ಆದರೆ ಅಪ್ಪನಿಗೆ ನನ್ನ ನಂಬರ್ ಬಾಯಿಗೆ ಬರುವುದಿಲ್ಲ. ನಂಬರು ಇರುವುದು ಸತ್ತ ಫೋನಿನಲ್ಲಿ. ಮೂವತ್ತೊಂದು ವರ್ಷ ರೈಸ್ ಮಿಲ್ಲಿನಲ್ಲಿ ಗುಮಾಸ್ತೆಯಾಗಿದ್ದ ಅವರಿಗೆ ಮಿಲ್ಲಿನ ಹಳೆಯ ಲ್ಯಾಂಡ್‌ಲೈನ್ ನಂಬರು ಇವತ್ತಿಗೂ ನೆನಪಿದೆ. ಮಿಲ್ಲೂ ಇಲ್ಲ, ಆ ಲೈನೂ ಇಲ್ಲ. ಕೊನೆಗೆ ಚೀಲದಲ್ಲಿದ್ದ ಕಣ್ಣಿನ ಆಸ್ಪತ್ರೆಯ ಫೈಲಿನ ಮೊದಲ ಹಾಳೆಯಲ್ಲಿ ನನ್ನ ನಂಬರ್ ಬರೆದಿದ್ದನ್ನು ಅಂಗಡಿಯ ಹುಡುಗನೇ ಓದಿ ಒತ್ತಿಕೊಟ್ಟಿದ್ದಾನೆ.

ಇಷ್ಟರಲ್ಲಿ ಯಾರದು ತಪ್ಪು? ಬಸ್ಸು ಕೆಡುತ್ತದೆ, ಅದು ಯಂತ್ರ. ಆದರೆ ಫೋನ್ ಸತ್ತದ್ದರಲ್ಲಿ ನನ್ನ ಪಾಲಿದೆ. ದೀಪಾವಳಿಗೆ ಊರಿಗೆ ಹೋದಾಗ ಅಪ್ಪನಿಗೆ ಒಂದು ಪುಟ್ಟ ಪವರ್ ಬ್ಯಾಂಕ್ ಕೊಟ್ಟಿದ್ದೆ. ಹೆಬ್ಬೆರಳಿಗಿಂತ ತುಸು ದಪ್ಪ, ಫೋನಿನ ತಳಕ್ಕೆ ನೇರವಾಗಿ ಸಿಕ್ಕಿಸುವಂಥದ್ದು, ವೈರಿನ ರಗಳೆಯಿಲ್ಲ, ಅಂಗಿಯ ಜೇಬಿನಲ್ಲಿ ಕೂರುತ್ತದೆ. ಅದರ ಮೈಮೇಲೆ ಎದ್ದು ಕಾಣುವಂತೆ 5000 ಎಂಎಎಚ್ ಎಂದು ಅಚ್ಚಾಗಿತ್ತು. ಅಪ್ಪನ ಫೋನಿನ ಬ್ಯಾಟರಿಯೂ 5000. ‘ಇದರಾಗ ಒಂದ್ಸಲ ಪೂರ್ತಿ ತುಂಬತೈತಿ ಅಪ್ಪಾ’ ಎಂದು ಹೇಳಿಕೊಟ್ಟವಳು ನಾನೇ. ಎಲೆಕ್ಟ್ರಾನಿಕ್ಸ್ ಓದಿ, ಇದೇ ಊರಿನಲ್ಲಿ ಸರ್ಕ್ಯೂಟ್ ಬೋರ್ಡುಗಳ ಪರೀಕ್ಷೆ ಮಾಡಿ ಸಂಬಳ ಎಣಿಸುವವಳು, ಆ ಹೊತ್ತಿನಲ್ಲಿ ಲೆಕ್ಕ ಹಾಕಲಿಲ್ಲ. 5000ಕ್ಕೆ 5000 ಎಂದುಕೊಂಡೆ.

ಮನೆಗೆ ಬಂದು ಸ್ನಾನ, ಚಹಾ ಆದ ಮೇಲೆ ಅಪ್ಪ ರಾತ್ರಿಯ ಕಥೆ ಹೇಳಿದರು. ಸಂಜೆ ಊರಲ್ಲಿ ಕರೆಂಟ್ ಹೋಗಿತ್ತು, ಹೊರಡುವಾಗ ಫೋನಿನಲ್ಲಿ 18 ಪರ್ಸೆಂಟ್. ಚಿಂತೆ ಮಾಡಲಿಲ್ಲ, ಜೇಬಿನಲ್ಲಿ ಮಗಳು ಕೊಟ್ಟ ಕಡ್ಡಿ ಇತ್ತಲ್ಲ. ಸಿಂಧನೂರಿನ ಹತ್ತಿರ ಸಿಕ್ಕಿಸಿದರು. ರಾಯಚೂರು ಬರುವಷ್ಟರಲ್ಲಿ ಫೋನ್ 70ಕ್ಕೆ ಬಂದು ನಿಂತಿತು. ನಿಂತದ್ದೇಕೆ ಎಂದು ಅವರು ಕೇಳಿಕೊಳ್ಳಲಿಲ್ಲ. ‘ಒಂದ್ಸಲ ಪೂರ್ತಿ ತುಂಬತೈತಿ ಅಂದಿದ್ದೆಲ್ಲವ್ವ ನೀ. ಅರ್ಧನ ತುಂಬೈತಿ, ಕಡ್ಡ್ಯಾಗ ಇನ್ನೂ ಅರ್ಧ ಉಳದೈತಿ ಅಂತ ತಿಳಕೊಂಡೆ’ ಎಂದರು. ಆ ಧೈರ್ಯದ ಮೇಲೆ, ಬಸ್ಸು ಕೆಟ್ಟು ನಿಂತಾಗ ರಿಪೇರಿಗೆ ಒಂದು ತಾಸು ತಮ್ಮ ಫೋನಿನ ಟಾರ್ಚ್ ಹಿಡಿದಿದ್ದಾರೆ. ಪಕ್ಕದ ಸೀಟಿನ ಹುಡುಗನಿಗೆ ಹಾಟ್‌ಸ್ಪಾಟ್ ಹಾಕಿಕೊಟ್ಟಿದ್ದಾರೆ. ಎಲ್ಲಿದ್ದೀರಿ ಎಂದು ನನಗೆ ಕಾಣಲಿ ಎಂದು ನಾನೇ ಹಾಕಿಸಿದ್ದ ಲೈವ್ ಲೊಕೇಶನ್ ರಾತ್ರಿಯಿಡೀ ಓಡಿದೆ. ಸಿಗ್ನಲ್ ಇಲ್ಲದ ಬಯಲಿನಲ್ಲಿ ಫೋನು ಟವರ್ ಹುಡುಕುತ್ತ ಇನ್ನಷ್ಟು ಬ್ಯಾಟರಿ ತಿಂದಿದೆ. ನಾಲ್ಕೂವರೆಗೆ ಫೋನು ಕೊನೆಯುಸಿರೆಳೆಯುವಾಗ ಅಪ್ಪ ಕಡ್ಡಿಯನ್ನು ಮತ್ತೆ ಸಿಕ್ಕಿಸಿದ್ದಾರೆ. ಅದರಲ್ಲಿ ಏನೂ ಇರಲಿಲ್ಲ.

ಅಂದರೆ ಕಡ್ಡಿ ಕೈಕೊಟ್ಟದ್ದಲ್ಲ. ತನ್ನಲ್ಲಿದ್ದಷ್ಟನ್ನು ಅದು ಕೊಟ್ಟೇ ಕೊಟ್ಟಿತ್ತು. ಕೈಕೊಟ್ಟದ್ದು ಅದರ ಮೇಲೆ ಬರೆದ ಸಂಖ್ಯೆ, ಆ ಸಂಖ್ಯೆಯನ್ನು ನಂಬಿ ನಾನು ಆಡಿದ ಮಾತು. ಈ ಲೇಖನ ಆ ಸಂಖ್ಯೆಯ ಬಗ್ಗೆ.

ಅಪ್ಪ ಲೆಕ್ಕದ ಮನುಷ್ಯ. ‘ಬರದದ್ದು ಐದು ಸಾವಿರ, ಬಂದದ್ದೆಷ್ಟು, ಉಳದದ್ದು ಎಲ್ಲಿ ಹೋತು? ಲೆಕ್ಕ ತೋರಸು’ ಎಂದು ಕೂತರು. ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ತೋರಿಸಿದೆ. ನಿಮಗೂ ಅದೇ ಲೆಕ್ಕ ಹೇಳುತ್ತೇನೆ, ಕಷ್ಟದ್ದೇನಲ್ಲ.

ಎಂಎಎಚ್, ಅಂದರೆ ಮಿಲಿ ಆಂಪಿಯರ್ ಅವರ್, ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ ಹರಿಯಬಲ್ಲದು ಎಂಬುದರ ಅಳತೆ. ಆದರೆ ಯಾವ ಒತ್ತಡದಲ್ಲಿ ಹರಿಯುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ನೀರಿನ ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂದು ಹೇಳಿ, ಟ್ಯಾಂಕು ನೆಲದ ಮೇಲಿದೆಯೋ ಮಹಡಿಯ ಮೇಲಿದೆಯೋ ಹೇಳದಿದ್ದಂತೆ. ಪವರ್ ಬ್ಯಾಂಕಿನೊಳಗಿನ ಲಿಥಿಯಂ ಸೆಲ್ಲಿನ ಒತ್ತಡ ಸರಾಸರಿ 3.7 ವೋಲ್ಟ್. ಅದು ಹೊರಗೆ ಕೊಡಬೇಕಾದದ್ದು 5 ವೋಲ್ಟ್. ಹಾಗಾಗಿ ಒಳಗೊಂದು ಸಣ್ಣ ಸರ್ಕ್ಯೂಟು 3.7 ಅನ್ನು 5ಕ್ಕೆ ಏರಿಸುತ್ತದೆ. ಒತ್ತಡ ಏರಿದಷ್ಟೂ ಪ್ರಮಾಣ ಇಳಿಯಲೇಬೇಕು. 5000 ಎಂಎಎಚ್ ಅನ್ನು 3.7ರಿಂದ ಗುಣಿಸಿದರೆ 18.5 ವ್ಯಾಟ್ ಅವರ್. ಅದನ್ನು 5ರಿಂದ ಭಾಗಿಸಿದರೆ 3700 ಎಂಎಎಚ್. ಯಾರೂ ಕದಿಯಲಿಲ್ಲ, ಏನೂ ಸೋರಲಿಲ್ಲ, ಆಗಲೇ 5000 ಹೋಗಿ 3700 ಆಯಿತು.

ಇನ್ನು ಸೋರುವ ಲೆಕ್ಕ. ಒತ್ತಡ ಏರಿಸುವ ಸರ್ಕ್ಯೂಟು ಪುಕ್ಕಟೆ ದುಡಿಯುವುದಿಲ್ಲ. ನೂರರಲ್ಲಿ ಹತ್ತರಿಂದ ಹದಿನೈದು ಪಾಲನ್ನು ಬಿಸಿಯಾಗಿ ಕಳೆಯುತ್ತದೆ. ಚಾರ್ಜ್ ಮಾಡುವಾಗ ಪವರ್ ಬ್ಯಾಂಕು ಕೈಗೆ ಬೆಚ್ಚಗೆ ತಾಗುತ್ತದಲ್ಲ, ಅದರ ಒಂದು ಪಾಲು ಇದೇ. ಉಳಿದದ್ದು ಸುಮಾರು 3200. ಅದು ಫೋನಿನೊಳಗೆ ಹೋಗಿ ಅಲ್ಲಿನ ಸರ್ಕ್ಯೂಟಿನಲ್ಲಿ ಮತ್ತೆ ಇಳಿದು ಬ್ಯಾಟರಿ ಸೇರುವಾಗ ಇನ್ನೊಂದು ಹತ್ತು ಹದಿನೈದು ಪಾಲು ಹೋಗುತ್ತದೆ. 18.5 ವ್ಯಾಟ್ ಅವರ್ ಎಂದು ಹೊರಟದ್ದು ಫೋನಿನ ಹೊಟ್ಟೆ ಸೇರುವಾಗ 14ರ ಆಸುಪಾಸು. ಫೋನಿನ 5000 ಎಂಎಎಚ್ ಬ್ಯಾಟರಿಗೆ ಬೇಕಾದದ್ದು 19 ವ್ಯಾಟ್ ಅವರ್‌ಗಿಂತ ಸ್ವಲ್ಪ ಹೆಚ್ಚು. ಲೆಕ್ಕ ಹಾಕಿ: ಸಂಪೂರ್ಣ ಸತ್ತ ಫೋನು 70 ಪರ್ಸೆಂಟ್ ದಾಟಿ ಸ್ವಲ್ಪ ಮೇಲೆ ನಿಲ್ಲುತ್ತದೆ. ಅದೂ ಫೋನನ್ನು ಮುಟ್ಟದೆ ಇಟ್ಟರೆ. ಚಾರ್ಜ್ ಆಗುವಾಗಲೇ ಪ್ರವಚನ ಕೇಳುತ್ತ, ಲೊಕೇಶನ್ ಹಂಚುತ್ತ ಹೋದರೆ 18ರಿಂದ 70, ಅಂದರೆ 52 ಪರ್ಸೆಂಟ್ ಸಿಕ್ಕಿದ್ದು ಸರಿಯಾದ ಲೆಕ್ಕವೇ.

ಅಪ್ಪ ಕನ್ನಡಕ ಏರಿಸಿಕೊಂಡು ಆ ಹಾಳೆ ನೋಡಿದರು. ಆಮೇಲೆ ಹೇಳಿದ ಮಾತು ನನ್ನ ಇಂಜಿನಿಯರಿಂಗ್ ಪಾಠಕ್ಕಿಂತ ಚೆನ್ನಾಗಿತ್ತು: ‘ಹಂಗಾದ್ರ ಭತ್ತದ ತೂಕ ಬರದು ಅಕ್ಕಿ ಅಂತ ಮಾರ್ಯಾರ ಅನ್ನು.’

ಗಂಗಾವತಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಕ್ವಿಂಟಲ್ ಭತ್ತ ಹಾಕಿದರೆ ಒಂದು ಕ್ವಿಂಟಲ್ ಅಕ್ಕಿ ಬರುವುದಿಲ್ಲ. ಹೊಟ್ಟು ಹೋಗುತ್ತದೆ, ತೌಡು ಹೋಗುತ್ತದೆ. ಸರ್ಕಾರದ ಭತ್ತ ಅರೆದುಕೊಡುವ ಮಿಲ್ಲುಗಳಿಗೆ ಕ್ವಿಂಟಲ್‌ಗೆ 67 ಕೆ.ಜಿ. ಅಕ್ಕಿ, ಕುಚ್ಚಲಕ್ಕಿಯಾದರೆ 68 ಕೆ.ಜಿ. ಎಂಬ ಲೆಕ್ಕವಿದೆ. ಪವರ್ ಬ್ಯಾಂಕಿನಲ್ಲಿ 5000ಕ್ಕೆ 3200 ಎಂದರೆ ನೂರಕ್ಕೆ 64. ಹೆಚ್ಚುಕಡಿಮೆ ಮಿಲ್ಲಿನದೇ ಇಳುವರಿ! ಭತ್ತ ಅಕ್ಕಿಯಾಗುವಾಗ ತೂಕ ಇಳಿಯುವುದು ಮೋಸವಲ್ಲ, ಅದು ಭತ್ತದ ಗುಣ. ಆದರೆ 67 ಕೆ.ಜಿ. ಅಕ್ಕಿಯ ಚೀಲದ ಮೇಲೆ ‘100 ಕೆ.ಜಿ.’ ಎಂದು ಬರೆದು, ಇದು ಭತ್ತವಾಗಿದ್ದಾಗಿನ ತೂಕ ಎಂದು ಮೂಲೆಯಲ್ಲಿ ಸಣ್ಣಗೆ ಅಚ್ಚು ಹಾಕಿದರೆ ಯಾವ ಗಿರಾಕಿ ಸುಮ್ಮನಿರುತ್ತಾನೆ?

ನನ್ನ ಅಪ್ಪನ ಕಡ್ಡಿಯ ಬೆನ್ನ ಮೇಲೂ ಸತ್ಯ ಇತ್ತು. ಬೂದು ಬಣ್ಣದ ಪ್ಲಾಸ್ಟಿಕ್ಕಿನ ಮೇಲೆ ಬೂದು ಬಣ್ಣದ್ದೇ ಅಕ್ಷರದಲ್ಲಿ, ಸಾಸಿವೆಗಿಂತ ಸಣ್ಣದಾಗಿ, ರೇಟೆಡ್ ಕೆಪಾಸಿಟಿ 3200 ಎಂಎಎಚ್ ಎಂದು. ಓದಲು ಫೋನಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಬೇಕಾಯಿತು. ಪೊರೆ ಬಂದ ಕಣ್ಣಿಗೆ ಅದು ಕಾಣುವುದೆಲ್ಲಿ? ಒಳ್ಳೆಯ ಕಣ್ಣಿದ್ದ ನಾನೇ ನೋಡಿರಲಿಲ್ಲ.

ಸಣ್ಣ ಪವರ್ ಬ್ಯಾಂಕುಗಳ ವಿಷಯದಲ್ಲಿ ಇದು ಯಾಕೆ ಹೆಚ್ಚು ಚುಚ್ಚುತ್ತದೆ ಎಂದರೆ, ಅಲ್ಲಿ ಕಳೆದುಕೊಳ್ಳಲು ಹೆಚ್ಚುವರಿ ಏನೂ ಇಲ್ಲ. 20000 ಎಂಎಎಚ್‌ನ ಇಟ್ಟಿಗೆಯಂಥ ಪವರ್ ಬ್ಯಾಂಕ್ ಇದ್ದವರಿಗೆ ಮೂರನೇ ಒಂದು ಪಾಲು ಹೋದರೂ ಫೋನು ಎರಡು ಸಲ ತುಂಬಿ ಮಿಗುತ್ತದೆ. 5000ದ ಕಡ್ಡಿ ನಂಬಿದವರಿಗೆ ಆ ಮೂರನೇ ಒಂದು ಪಾಲೇ ಆರಾಂಘರ್‌ನಿಂದ ಮಾಡಬೇಕಿದ್ದ ಕರೆ.

ಹಾಗಾದರೆ ಅಷ್ಟೇ ಸಣ್ಣ ಡಬ್ಬಿಯಲ್ಲಿ ಇನ್ನಷ್ಟು ತುಂಬಿಸಿದರಾಯಿತಲ್ಲ ಎಂದು ಅಪ್ಪನೂ ಕೇಳಿದರು. ಆಗುವುದಿಲ್ಲ. ಲಿಪ್‌ಸ್ಟಿಕ್ ಗಾತ್ರದ ಪವರ್ ಬ್ಯಾಂಕ್ ಬಿಚ್ಚಿದರೆ ಒಳಗೆ ಸಾಮಾನ್ಯವಾಗಿ ಇರುವುದು ಒಂದೇ ಒಂದು ಸೆಲ್ಲು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ 18650 ಎಂಬ ಸೆಲ್ಲಾದರೆ ಹೆಚ್ಚೆಂದರೆ ಸುಮಾರು 3500 ಎಂಎಎಚ್. ಸ್ವಲ್ಪ ದಪ್ಪಗಿನ 21700 ಆದರೆ 5000ದ ಆಸುಪಾಸು. ಒಂದು ಕೆ.ಜಿ. ತೂಕದ ಒಳ್ಳೆಯ ಲಿಥಿಯಂ ಅಯಾನ್ ಸೆಲ್ಲಿನಲ್ಲಿ ಸುಮಾರು 250 ವ್ಯಾಟ್ ಅವರ್ ಹಿಡಿಸಬಹುದು. 1991ರಲ್ಲಿ ಸೋನಿ ಕಂಪನಿ ಈ ಬಗೆಯ ಬ್ಯಾಟರಿಯನ್ನು ಮೊದಲು ಮಾರುಕಟ್ಟೆಗೆ ತಂದಾಗ ಇದ್ದುದಕ್ಕೆ ಹೋಲಿಸಿದರೆ ಇದು ಮೂರು ಪಟ್ಟು ಸುಧಾರಣೆ. ಇದನ್ನು ಕಂಡುಹಿಡಿದ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಅವರಿಗೆ 2019ರಲ್ಲಿ ನೊಬೆಲ್ ಬಂತು. ದೊಡ್ಡ ಸಾಧನೆಯೇ. ಆದರೆ ಮೂರು ಪಟ್ಟಿಗೆ ಮೂರು ದಶಕ ಹಿಡಿಯಿತು. ಅದೇ ಅವಧಿಯಲ್ಲಿ ಮೆಮೊರಿ ಕಾರ್ಡಿನ ಸಾಮರ್ಥ್ಯ ಸಾವಿರಾರು ಪಟ್ಟು ಏರಿತು. ಚಿಪ್ ಕುಗ್ಗಿದಂತೆ ಬ್ಯಾಟರಿ ಕುಗ್ಗುವುದಿಲ್ಲ. ಚಿಪ್ಪಿನಲ್ಲಿ ಕೂಡಿಡುವುದು ಮಾಹಿತಿಯನ್ನು. ಬ್ಯಾಟರಿಯಲ್ಲಿ ಕೂಡಿಡಬೇಕಾದದ್ದು ಲಿಥಿಯಮ್ಮನ್ನು, ಅದಕ್ಕೆ ಜಾಗ ಬೇಕು, ತೂಕ ಬೇಕು.

ಒತ್ತಿ ತುಂಬಲು ಹೋದರೆ ಏನಾಗುತ್ತದೆ ಎಂಬುದನ್ನು 2016ರಲ್ಲಿ ಜಗತ್ತು ನೋಡಿದೆ. ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಫೋನುಗಳು ಹೊತ್ತಿಕೊಂಡು, ಮಾರಿದ್ದನ್ನೆಲ್ಲ ಹಿಂದಕ್ಕೆ ಕರೆಸಬೇಕಾಯಿತು. ಮರುವರ್ಷ ಜನವರಿಯಲ್ಲಿ ಕಂಪನಿಯೇ ಪ್ರಕಟಿಸಿದ ತನಿಖೆಯಲ್ಲಿ ಒಂದು ಬಗೆಯ ಬ್ಯಾಟರಿಯ ದೋಷ ಹೀಗಿತ್ತು: ಹೊರಚೀಲದ ಮೂಲೆಯಲ್ಲಿ ಸಾಕಷ್ಟು ಜಾಗವಿಲ್ಲದೆ ಒಳಗಿನ ಪದರ ಬಾಗಿತ್ತು. ಕೂದಲೆಳೆಯಷ್ಟು ಜಾಗದ ಪ್ರಶ್ನೆ. ಆದ್ದರಿಂದ ಸಣ್ಣ ಪವರ್ ಬ್ಯಾಂಕ್ ಕಡಿಮೆ ಕೊಡುವುದು ಅದರ ತಪ್ಪಲ್ಲ, ಮಿತಿ. ಮಿತಿ ಮರೆಮಾಚುವುದು ಮಾತ್ರ ತಪ್ಪು.

ಇನ್ನು ಮರೆಮಾಚುವುದನ್ನೂ ಮೀರಿ ಹಸಿ ಸುಳ್ಳು ಬರೆಯುವವರಿದ್ದಾರೆ. ಬಸ್ ನಿಲ್ದಾಣದ ಹೊರಗೆ ತಳ್ಳುಗಾಡಿಯಲ್ಲಿ ‘20000’ ಎಂದು ಬರೆದ, ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದ ಪವರ್ ಬ್ಯಾಂಕನ್ನು ನಾನು ನೋಡಿದ್ದೇನೆ. ಇದಕ್ಕೆ ಇಂಜಿನಿಯರ್ ಬೇಕಾಗಿಲ್ಲ, ಅಡುಗೆಮನೆಯ ತಕ್ಕಡಿ ಸಾಕು. ಸಾವಿರ ಎಂಎಎಚ್‌ಗೆ ಸೆಲ್ಲಿನದೇ ತೂಕ ಸುಮಾರು 15 ಗ್ರಾಂ ಎಂದು ನೆನಪಿಡಿ. 5000ಕ್ಕೆ 75 ಗ್ರಾಂ, 10000ಕ್ಕೆ 150, 20000ಕ್ಕೆ 300. ಮೇಲಿನ ಕವಚ, ಸರ್ಕ್ಯೂಟು ಬೇರೆ. ಅಪ್ಪನ ಕಡ್ಡಿಯನ್ನು ತೂಗಿದೆ, 112 ಗ್ರಾಂ ಬಂತು. ಅಂದರೆ ಒಳಗೆ 5000ದ ಸೆಲ್ಲು ಇರುವುದು ನಿಜವಿರಬೇಕು. 20000 ಎಂದು ಹೇಳಿಕೊಂಡು 120 ಗ್ರಾಂ ತೂಗುವುದನ್ನು ಅಲ್ಲೇ ಬಿಟ್ಟು ಬನ್ನಿ.

ನಮ್ಮಲ್ಲಿ ಪವರ್ ಬ್ಯಾಂಕಿಗೆ ಕಾನೂನು ಇಲ್ಲವೆಂದಲ್ಲ. ಭಾರತೀಯ ಮಾನಕ ಬ್ಯೂರೊದ ಕಡ್ಡಾಯ ನೋಂದಣಿ ಇದೆ. ನೋಂದಣಿಯಾದ ಉತ್ಪನ್ನದ ಮೇಲೆ ಆರ್ ಅಕ್ಷರದಿಂದ ಶುರುವಾಗುವ ಎಂಟು ಅಂಕಿಯ ಸಂಖ್ಯೆ ಇರುತ್ತದೆ. ಬ್ಯೂರೊದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ನಿಜವೋ ಸುಳ್ಳೋ ನೋಡಬಹುದು. ಕೊಳ್ಳುವ ಮುನ್ನ ಎಲ್ಲರೂ ನೋಡಬೇಕಾದದ್ದೇ. ಆದರೆ ಆ ನೋಂದಣಿಯ ಕಾಳಜಿ ಮುಖ್ಯವಾಗಿ ಸುರಕ್ಷತೆ. ಹೊತ್ತಿಕೊಳ್ಳಬಾರದು, ಶಾಕ್ ಹೊಡೆಯಬಾರದು. ಎಷ್ಟು ಕೊಡುತ್ತದೆ ಎಂದು ದೊಡ್ಡದಾಗಿ ಬರೆ ಎಂದು ಹೇಳುವುದಲ್ಲ. ಪೊಟ್ಟಣದ ಸಾಮಾನಿಗೆ ನಿವ್ವಳ ಪ್ರಮಾಣ ನಮೂದಿಸಬೇಕು ಎಂಬ ನಿಯಮವೂ ಇದೆ. ಅರ್ಧ ಕೆ.ಜಿ. ರವೆ, ಒಂದು ಲೀಟರ್ ಎಣ್ಣೆ ಕೊಂಡಾಗ ನಮ್ಮನ್ನು ಕಾಯುವುದು ಅದೇ. ಪವರ್ ಬ್ಯಾಂಕಿನ ಡಬ್ಬಿಯ ಮೇಲೆ ಆ ನಿವ್ವಳ ಪ್ರಮಾಣದ ಜಾಗದಲ್ಲಿ ಏನಿರುತ್ತದೆ ಗೊತ್ತೇ? ‘1 ನಗ’. ಒಂದು ಡಬ್ಬಿಯಲ್ಲಿ ಒಂದು ಪವರ್ ಬ್ಯಾಂಕ್ ಇದೆ ಎಂಬುದು ಗಿರಾಕಿಗೆ ಕಣ್ಣಿಗೇ ಕಾಣುತ್ತದಲ್ಲ!

ವಿಚಿತ್ರವೆಂದರೆ ಸರಿಯಾದ ಅಳತೆ ಈಗಾಗಲೇ ಬಳಕೆಯಲ್ಲಿದೆ, ವಿಮಾನದಲ್ಲಿ. ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಒಯ್ಯಬೇಕು, 100 ವ್ಯಾಟ್ ಅವರ್ ಮೀರಿದರೆ ವಿಮಾನ ಸಂಸ್ಥೆಯ ಅನುಮತಿ ಬೇಕು, 160 ಮೀರಿದರೆ ಒಯ್ಯುವಂತೆಯೇ ಇಲ್ಲ. ಅಲ್ಲಿ ಎಂಎಎಚ್ ನಡೆಯುವುದಿಲ್ಲ, ವ್ಯಾಟ್ ಅವರ್ ಬೇಕು. ಹಾಗಾಗಿಯೇ ಬಹಳಷ್ಟು ಪವರ್ ಬ್ಯಾಂಕುಗಳ ಹಿಂಬದಿಯಲ್ಲಿ ಸಣ್ಣದಾಗಿಯಾದರೂ ವ್ಯಾಟ್ ಅವರ್ ಅಚ್ಚಾಗಿರುತ್ತದೆ. ವ್ಯಾಟ್ ಅವರ್ ನಮಗೆ ಹೊಸದೂ ಅಲ್ಲ; ಸಾವಿರ ವ್ಯಾಟ್ ಅವರ್ ಸೇರಿದರೆ ನಮ್ಮ ಕರೆಂಟ್ ಬಿಲ್ಲಿನ ಒಂದು ಯೂನಿಟ್. ಅಪ್ಪನ ಕಡ್ಡಿಯನ್ನು ಒಂದು ಯೂನಿಟ್‌ನಲ್ಲಿ ನಲವತ್ತು ಸಲ ತುಂಬಬಹುದು. ವಿಮಾನ ಹತ್ತುವವರಿಗೆ ಒಂದು ಅಳತೆ, ರಾತ್ರಿ ಬಸ್ಸು ಹತ್ತುವವರಿಗೆ ಇನ್ನೊಂದು ಅಳತೆ ಯಾಕೆ?

ಇದಕ್ಕೆ ಬರುವ ಉತ್ತರಗಳು ನನಗೆ ಗೊತ್ತಿವೆ, ನನ್ನ ಜೊತೆ ಕೆಲಸ ಮಾಡುವವರೇ ಹೇಳುತ್ತಾರೆ. ಒಂದು: 5000 ಎಂಬುದು ಸುಳ್ಳಲ್ಲ, ಸೆಲ್ಲಿನ ಸಾಮರ್ಥ್ಯ ಅಷ್ಟೇ ಇದೆ, ಎಲ್ಲ ಕಂಪನಿಗಳೂ ಹಾಗೇ ಬರೆಯುತ್ತವೆ. ನಿಜ. ಭತ್ತ 100 ಕೆ.ಜಿ. ಇದ್ದದ್ದೂ ನಿಜವೇ. ಆದರೆ ನಾವು ಕೊಂಡದ್ದು ಅಕ್ಕಿ. ಎಲ್ಲರೂ ಹಾಗೇ ಬರೆಯುತ್ತಾರೆಂಬುದು ಅಭ್ಯಾಸಕ್ಕೆ ವಿವರಣೆಯಾದೀತು, ಸಮರ್ಥನೆಯಾಗದು. ಒಬ್ಬನೇ ಪ್ರಾಮಾಣಿಕವಾಗಿ 3200 ಎಂದು ಬರೆದರೆ ಪಕ್ಕದ 5000ದ ಮುಂದೆ ಅವನ ಮಾಲು ಹೋಗುವುದಿಲ್ಲ ಎಂಬುದೂ ಸರಿ. ಅದಕ್ಕೇ ಒಬ್ಬೊಬ್ಬರ ಪ್ರಾಮಾಣಿಕತೆಗೆ ಬಿಡದೆ ಎಲ್ಲರಿಗೂ ಒಂದೇ ನಿಯಮ ಬೇಕು ಎನ್ನುತ್ತಿದ್ದೇನೆ.

ಎರಡು: ಫೋನು, ವೈರು, ಬಿಸಿಲು, ಬಳಕೆಗೆ ತಕ್ಕಂತೆ ಸಿಗುವುದು ಬದಲಾಗುತ್ತದೆ, ಯಾವ ಸಂಖ್ಯೆ ಬರೆದರೂ ತಪ್ಪೇ ಆಗುತ್ತದೆ. ಇದೂ ಅರ್ಧ ನಿಜ. ಫೋನಿನೊಳಗೆ ಎಷ್ಟು ಹೋಯಿತು ಎಂಬುದಕ್ಕೆ ಪವರ್ ಬ್ಯಾಂಕ್ ಮಾಡಿದವರು ಹೊಣೆಯಲ್ಲ. ಆದರೆ ತನ್ನ ಬಾಯಿಂದ 5 ವೋಲ್ಟ್‌ನಲ್ಲಿ ಎಷ್ಟು ಹೊರಬಂತು ಎಂಬುದನ್ನು ಅವರು ಅಳೆಯಬಲ್ಲರು, ಅಳೆದೇ ಹಿಂಬದಿಯಲ್ಲಿ ಸಣ್ಣಗೆ ಬರೆದಿದ್ದಾರೆ. ನಾನು ಹೊಸ ಪರೀಕ್ಷೆ ಕೇಳುತ್ತಿಲ್ಲ. ಹಿಂದಿರುವುದನ್ನು ಮುಂದಕ್ಕೆ ತನ್ನಿ, ಸಾಸಿವೆಯನ್ನು ಅವರೆಕಾಳು ಮಾಡಿ ಎನ್ನುತ್ತಿದ್ದೇನೆ. ಫ್ರಿಜ್ಜಿಗೆ, ಎ.ಸಿ.ಗೆ, ಈಗ ಸೀಲಿಂಗ್ ಫ್ಯಾನಿಗೂ ಸ್ಟಾರ್ ಲೇಬಲ್ ಇರುವ ದೇಶದಲ್ಲಿ ಇದು ದೊಡ್ಡ ಬೇಡಿಕೆಯಲ್ಲ.

ಮೂರನೆಯದು ನನ್ನ ತಮ್ಮನದು: ‘ಅಷ್ಟ್ಯಾಕ ಅಕ್ಕ, ದೊಡ್ಡದು ಒಂದು ಕೊಡಸು, ಇಲ್ಲಂದ್ರ ಹಳೇ ಬಟನ್ ಫೋನ್ ಕೊಡು.’ ಬಟನ್ ಫೋನಿನ ಮಾತಿನಲ್ಲಿ ತಥ್ಯವಿದೆ. ಅದರ ಬ್ಯಾಟರಿ ಸಾವಿರ ಎಂಎಎಚ್ ಆಸುಪಾಸು, ಒಮ್ಮೆ ತುಂಬಿದರೆ ದಿನಗಟ್ಟಲೆ ಬರುತ್ತದೆ, ಅಪ್ಪನ ಕಡ್ಡಿಯಿಂದ ಅದನ್ನು ಎರಡು ಮೂರು ಸಲ ತುಂಬಬಹುದು. ಆದರೆ ಟಿಕೆಟ್ಟು, ಆಸ್ಪತ್ರೆಯ ಅಪಾಯಿಂಟ್‌ಮೆಂಟು, ಆಧಾರ್, ಚಹಾದ ಹತ್ತು ರೂಪಾಯಿ ಎಲ್ಲವೂ ಸ್ಮಾರ್ಟ್‌ಫೋನಿನೊಳಗೆ ಸೇರಿದ ಮೇಲೆ ಹಿಂದಕ್ಕೆ ಹೋಗುವುದು ಹೇಗೆ? ಇನ್ನು ದೊಡ್ಡ ಪವರ್ ಬ್ಯಾಂಕನ್ನು ಅಪ್ಪ ಮುಟ್ಟುವುದಿಲ್ಲ. ಕಾಲು ಕೆ.ಜಿ. ಭಾರವನ್ನು ಅಂಗಿಯ ಜೇಬು ತಡೆಯುವುದಿಲ್ಲ, ಚೀಲದಲ್ಲಿಟ್ಟರೆ ಬೇಕಾದಾಗ ಕೈಗೆ ಸಿಗುವುದಿಲ್ಲ. ವಯಸ್ಸಾದವರು ಸಣ್ಣದನ್ನೇ ಒಯ್ಯುತ್ತಾರೆ. ಅವರು ಒಯ್ಯುವುದರ ಮೇಲೆ ಸರಿಯಾದ ಲೆಕ್ಕವಿರಲಿ ಎಂಬುದೇ ನನ್ನ ವಾದ.

ರೈಲಿನಲ್ಲಿ ಬರುವವರಿಗೂ ಒಂದು ಮಾತು. ಬೋಗಿಯಲ್ಲಿ ಪ್ಲಗ್ ಇದೆಯಲ್ಲ ಎಂದು ನಿಶ್ಚಿಂತರಾಗಬೇಡಿ. ಬೆಂಕಿಯ ಅಪಾಯ ತಡೆಯಲೆಂದು ರಾತ್ರಿ 11ರಿಂದ ಬೆಳಗಿನ 5ರವರೆಗೆ ಮೊಬೈಲ್ ಚಾರ್ಜಿಂಗ್ ಪ್ಲಗ್ಗುಗಳ ವಿದ್ಯುತ್ ನಿಲ್ಲಿಸಲು ರೈಲ್ವೆ 2021ರಲ್ಲಿ ತೀರ್ಮಾನಿಸಿತು. ಕಾರಣ ಒಳ್ಳೆಯದೇ. ಮುಂಬೈಗೋ ಚೆನ್ನೈಗೋ ಹೋಗುವವರು ಅದನ್ನು ತಿಳಿದು ಹನ್ನೊಂದರೊಳಗೆ ಫೋನ್ ತುಂಬಿಸಿಕೊಳ್ಳಬೇಕು.

ನಿಯಮ ಬರುವಾಗ ಬರಲಿ. ಅಲ್ಲಿಯವರೆಗೆ ಸಣ್ಣ ಪವರ್ ಬ್ಯಾಂಕ್ ಇಟ್ಟುಕೊಂಡವರು ಅದನ್ನು ಊಟವೆಂದು ತಿಳಿಯದೆ ದಾರಿಬುತ್ತಿ ಎಂದು ತಿಳಿಯುವುದು ಒಳ್ಳೆಯದು. ಮೇಲೆ ಬರೆದ ಸಂಖ್ಯೆಯಲ್ಲಿ ಮೂರನೇ ಒಂದು ಪಾಲು ತೆಗೆದುಬಿಡಿ. ಫೋನಿನ ಹೊಟ್ಟೆಗೆ ಹೋಗುವುದನ್ನೇ ಎಣಿಸುವುದಾದರೆ ಇನ್ನೂ ಸ್ವಲ್ಪ ತೆಗೆಯಿರಿ. ಚಾರ್ಜ್ ಮಾಡುವಾಗ ಫೋನನ್ನು ಮುಟ್ಟಬೇಡಿ, ಆದರೆ ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲವೇ ಆರಿಸಿಯೇ ಇಡಿ. 100 ಮುಟ್ಟಿಸುವ ಹಟ ಬೇಡ. ಕೊನೆಯ ಪಾಲು ತುಂಬಲು ಹೊತ್ತು ಹಿಡಿಯುತ್ತದೆ, ಆ ಹೊತ್ತಿನಲ್ಲಿ ಫೋನು ತಿನ್ನುವುದೂ ನಡೆದೇ ಇರುತ್ತದೆ. ಅರ್ಧಕ್ಕೆ ನಿಲ್ಲಿಸಿ ಉಳಿದದ್ದನ್ನು ಕಾಪಿಟ್ಟುಕೊಳ್ಳಿ. ತಿಂಗಳುಗಟ್ಟಲೆ ಅಲಮಾರಿನಲ್ಲಿಟ್ಟ ಪವರ್ ಬ್ಯಾಂಕು ತಾನಾಗಿಯೂ ಇಳಿಯುತ್ತದೆ, ಹೊರಡುವ ಹಿಂದಿನ ದಿನ ತುಂಬಿಸಿ. ಮುನ್ನೂರು, ಐನೂರು ಸಲ ತುಂಬಿ ಬರಿದಾದ ಸೆಲ್ಲು ಹೊಸದರಲ್ಲಿ ಹಿಡಿದಷ್ಟು ಹಿಡಿಯುವುದಿಲ್ಲ, ಆ ಲೆಕ್ಕವೂ ಇರಲಿ. ನಮ್ಮ ಕಡೆಯ ಬೇಸಿಗೆಯಲ್ಲಿ ಅದನ್ನು ಗಾಡಿಯ ಡ್ಯಾಶ್‌ಬೋರ್ಡಿನ ಮೇಲೆ ಬಿಡಬೇಡಿ. ಹೊಟ್ಟೆ ಉಬ್ಬಿದ್ದು ಕಂಡರೆ ಬಳಸುವುದನ್ನು ಅಲ್ಲಿಗೇ ನಿಲ್ಲಿಸಿ, ಮನೆಯ ಕಸದ ಜೊತೆ ಹಾಕದೆ ಇ-ತ್ಯಾಜ್ಯಕ್ಕೆ ಕೊಡಿ.

ಎಲ್ಲಕ್ಕಿಂತ ಮುಖ್ಯವಾದದ್ದಕ್ಕೆ ಬ್ಯಾಟರಿಯೇ ಬೇಡ. ಒಂದು ಚೀಟಿ ಸಾಕು. ನಿಮ್ಮ ಅಪ್ಪ, ಅವ್ವ ನಿಮ್ಮೂರಿಗೆ ಹೊರಟಾಗ ನಿಮ್ಮ ನಂಬರು, ಮನೆಯ ವಿಳಾಸ, ಇಳಿಯಬೇಕಾದ ನಿಲ್ದಾಣದ ಹೆಸರು ಬರೆದ ಒಂದು ಹಾಳೆ ಅವರ ಜೇಬಿನಲ್ಲಿದೆಯೇ ಎಂದು ಕೇಳಿ. ಕನ್ನಡದಲ್ಲಷ್ಟೇ ಅಲ್ಲ, ಆ ಊರಿನ ಭಾಷೆಯಲ್ಲೂ ಬರೆದಿರಲಿ. ಓದಿಕೊಡುವವರು ಎಲ್ಲ ಊರಲ್ಲೂ ಇರುತ್ತಾರೆ, ಆರಾಂಘರ್‌ನ ಆ ಚಹಾ ಅಂಗಡಿಯ ಹುಡುಗನಂತೆ.

ಅಪ್ಪನ ಕಣ್ಣಿಗೆ ಮುಂದಿನ ತಿಂಗಳು ಆಪರೇಷನ್ ಎಂದಿದ್ದಾರೆ. ಮೊನ್ನೆ ಊರಿಗೆ ವಾಪಸು ಹೊರಡುವಾಗ ಚೀಟಿಯನ್ನು ತಾವೇ ಬರೆದುಕೊಂಡರು, ಮಿಲ್ಲಿನ ಖಾತೆ ಬರೆಯುತ್ತಿದ್ದ ಅದೇ ದುಂಡು ಅಕ್ಷರದಲ್ಲಿ. ಆಮೇಲೆ ನನ್ನ ಮಗಳ ಮಾರ್ಕರ್ ಪೆನ್ನು ಕೇಳಿ, ಕಡ್ಡಿಯ ಮೇಲಿದ್ದ 5000ಕ್ಕೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ದಪ್ಪಗೆ ಬರೆದರು: ‘ಅಕ್ಕಿ 3200’.